ಚೆರ್ರಿ ಡಬ್ಬಿ ಮನೆಗೆ ಬಂದ ಮೇಲೆ

ಮೇ ಕೊನೆಯಿಂದ ಜುಲೈವರೆಗೆ ಚಿಂತಾಮಣಿಯ ಹಣ್ಣಿನ ಅಂಗಡಿಗಳಲ್ಲಿ ಮಾವಿನ ರಾಶಿಯ ಪಕ್ಕ ಪುಟ್ಟ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳು ಕಾಣಿಸಿಕೊಳ್ಳುತ್ತವೆ. ಒಳಗೆ ಕಡುಗೆಂಪು ಚೆರ್ರಿ. ಕೆಂಚಾರ್ಲಹಳ್ಳಿಯಂಥ ಹೋಬಳಿ ಊರಿಗೆ ಅದು ಬರುವುದು ಬಹುಮಟ್ಟಿಗೆ ಪೇಟೆಗೆ ಹೋದವರ ಕೈಚೀಲದಲ್ಲೇ. ಮನೆಮಂದಿಯೆಲ್ಲ ಎರಡೆರಡು ಬಾಯಿಗೆ ಹಾಕಿಕೊಂಡು, ‘ಇಷ್ಟೇನಾ, ಇದಕ್ಕಿಂತ ನಮ್ಮ ನೇರಳೆಹಣ್ಣೇ ವಾಸಿ’ ಅಂದು ಉಳಿದದ್ದನ್ನು ಫ್ರಿಜ್ಜಿಗೆ ತಳ್ಳುತ್ತಾರೆ. ವಾರ ಕಳೆದು ನೋಡಿದರೆ ಡಬ್ಬಿಯ ತಳದಲ್ಲಿ ಬೂಷ್ಟು.

ಆ ಮಾತಿನಲ್ಲಿ ತಪ್ಪೇನಿಲ್ಲ. ನೇರಳೆಗೆ ಹುಳಿಯಿದೆ, ಒಗರಿದೆ, ತಿಂದ ಮೇಲೆ ನಾಲಿಗೆಗೆ ಬಣ್ಣವೂ ಉಂಟು. ನಮ್ಮ ಕಡೆ ಮಾರಾಟಕ್ಕೆ ಬರುವುದು ಸಿಹಿ ಚೆರ್ರಿ. ಬರೀ ಸಿಹಿ, ಹುಳಿ ತೀರಾ ಕಡಿಮೆ. ಅದನ್ನು ರುಚಿಗೆ ತರಬೇಕಾದರೆ ಹುಳಿ, ಉಪ್ಪು, ಚಿಟಿಕೆ ಖಾರ ನಾವೇ ಸೇರಿಸಬೇಕು. ಈ ಮೂರನ್ನೂ ಹದವಾಗಿ ಬೆರೆಸುವುದರಲ್ಲಿ ನಮ್ಮ ಅಡುಗೆಮನೆಗಳು ಯಾರಿಗೂ ಕಡಿಮೆಯಿಲ್ಲ. ಕೇಕಿನ ಪುಸ್ತಕ ಹುಡುಕುವುದಕ್ಕಿಂತ ಗೊಜ್ಜಿನ ಬಾಣಲೆ ಒಲೆಗೇರಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಈ ಹಣ್ಣು ನಮ್ಮ ಹೊಲದಲ್ಲಿ ಯಾಕಾಗುವುದಿಲ್ಲ ಎಂದು ದ್ರಾಕ್ಷಿ ಬೆಳೆಯುವವರು ಕೇಳುವುದುಂಟು. ಚೆರ್ರಿ ಮರಕ್ಕೆ ಚಳಿಗಾಲದಲ್ಲಿ ಗಾಢ ನಿದ್ದೆ ಬೇಕು. ಹೆಚ್ಚಿನ ತಳಿಗಳು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯನ್ನು ಒಟ್ಟು ನೂರಾರು ಗಂಟೆ, ಕೆಲವು ಸಾವಿರ ಗಂಟೆಯಷ್ಟು ಉಂಡ ಮೇಲೆಯೇ ಸರಿಯಾಗಿ ಹೂ ಬಿಡುವುದು. ಚಿಂತಾಮಣಿ ಸೀಮೆಯ ಡಿಸೆಂಬರ್ ಎಷ್ಟೇ ನಡುಗಿಸಿದರೂ ಆ ಲೆಕ್ಕ ಭರ್ತಿಯಾಗದು. ಹಾಗಾಗಿ ಭಾರತದ ಚೆರ್ರಿಯಲ್ಲಿ ಹೆಚ್ಚಿನ ಪಾಲು ಕಾಶ್ಮೀರದ್ದು. ಶೋಪಿಯಾನ್, ಗಂದರ್‌ಬಲ್ ಕಡೆಯ ತೋಟಗಳ ಹೆಸರು ದೊಡ್ಡದು. ಹಿಮಾಚಲದಲ್ಲಿ ಶಿಮ್ಲಾ ಜಿಲ್ಲೆಯ ಕೋಟ್‌ಗಢ, ನಾರ್ಕಂಡಾ ಕಡೆಯೂ ಬೆಳೆಯುತ್ತಾರೆ. ಕಾಶ್ಮೀರದ ವ್ಯಾಪಾರಿಗಳ ಬಾಯಲ್ಲಿ ಮಿಶ್ರಿ, ಮಖ್ಮಲಿ, ಡಬಲ್ ಎಂಬ ಹೆಸರುಗಳು ಓಡಾಡುತ್ತವೆ. ಮಿಶ್ರಿ ಗಟ್ಟಿ ತಿರುಳಿನದು, ಸಿಹಿ ಹೆಚ್ಚು, ದೂರದ ಪ್ರಯಾಣ ತಡೆಯುವುದು. ಮಖ್ಮಲಿ ಮೆತ್ತಗೆ. ಇಷ್ಟು ದೂರ ಬಂದೂ ಕಚ್ಚಿದರೆ ಗಟ್ಟಿಯಿರುವ ಹಣ್ಣು ಸಿಕ್ಕಿದರೆ ಅದು ಮಿಶ್ರಿಯಂಥದ್ದೇ ಇರಬೇಕು.

ಪ್ರಯಾಣದ ಮಾತು ಸುಮ್ಮನೆ ಎತ್ತಿದ್ದಲ್ಲ. ಹಣ್ಣು ಕೊಳ್ಳುವಾಗ ಅದೇ ಮುಖ್ಯ. ಮಾವನ್ನು ಕಾಯಿ ಕಿತ್ತು ಹುಲ್ಲಿನಲ್ಲಿಟ್ಟು ಹಣ್ಣು ಮಾಡಬಹುದು, ಚೆರ್ರಿಗೆ ಆ ಗುಣವಿಲ್ಲ. ಮರದಿಂದ ಕಿತ್ತ ಕ್ಷಣಕ್ಕೆ ಎಷ್ಟು ಸಿಹಿಯಿತ್ತೋ ಅಷ್ಟೇ. ಆಮೇಲೆ ಇಟ್ಟಷ್ಟೂ ನೀರು ಆರುತ್ತದೆ, ಮೆತ್ತಗಾಗುತ್ತದೆ. ‘ಎರಡು ದಿನ ಇಡಿ, ಸಿಹಿಯಾಗುತ್ತೆ’ ಎಂದು ಅಂಗಡಿಯವರು ಹೇಳಿದರೆ ನಗುತ್ತಾ ಮುಂದಿನ ಅಂಗಡಿಗೆ ಹೋಗಿ.

ನೋಡಬೇಕಾದದ್ದು ತೊಟ್ಟು. ಹಸಿರಾಗಿ, ಬಾಗಿದರೂ ಮುರಿಯದೆ ಇದ್ದರೆ ಹಣ್ಣು ಕಿತ್ತು ಹೆಚ್ಚು ದಿನವಾಗಿಲ್ಲ. ಕಂದಾಗಿ ಒಣಗಿದ್ದರೆ ಹಳೆಯದು. ತೊಟ್ಟೇ ಇಲ್ಲದ ಹಣ್ಣು ಕಿತ್ತುಬಂದ ಜಾಗದಿಂದ ರಸ ಸೋರಿಸಿಕೊಂಡು ಬೇಗ ಕೊಳೆಯುತ್ತದೆ. ಆಮೇಲೆ ಡಬ್ಬಿಯನ್ನು ತಲೆಕೆಳಗು ಮಾಡಿ ತಳ ನೋಡಿ. ಮೇಲಿನ ಸಾಲು ಹೊಳೆಯುವಂತೆ ಜೋಡಿಸುವುದು ಎಲ್ಲ ಹಣ್ಣಿನ ವ್ಯಾಪಾರದಲ್ಲೂ ಇದ್ದದ್ದೇ. ತಳದಲ್ಲಿ ರಸ ಜಿನುಗಿದ್ದರೆ, ಒಂದು ಹಣ್ಣಿಗೆ ಬಿಳಿ ಬೂಷ್ಟು ಹತ್ತಿದ್ದರೂ ಸರಿ, ಬೇಡ. ಸಿಪ್ಪೆ ಸೀಳಿದ ಹಣ್ಣು ಕೊಯ್ಲಿನ ಹೊತ್ತಿಗೆ ಮಳೆ ಸಿಕ್ಕಿದ್ದು. ಒಣಗಿದ ಸೀಳಾದರೆ ಅಡುಗೆಗೆ ಬಳಸಬಹುದು, ಇಟ್ಟುಕೊಳ್ಳಲಾಗದು.

ಮನೆಗೆ ತಂದ ಕೂಡಲೇ ತೊಳೆಯುವ ಅಭ್ಯಾಸ ಇಲ್ಲಿ ಕೆಲಸ ಕೆಡಿಸುತ್ತದೆ. ತೊಟ್ಟಿನ ಗುಳಿಯಲ್ಲಿ ನೀರು ನಿಂತು ಬೂಷ್ಟಿಗೆ ದಾರಿಯಾಗುತ್ತದೆ. ಕೆಟ್ಟದ್ದನ್ನು ಆರಿಸಿ ತೆಗೆದು, ತೊಟ್ಟು ಬಿಡಿಸದೆ, ಅಗಲವಾದ ಸ್ಟೀಲ್ ಡಬ್ಬಿಗೆ ಒಣ ಹತ್ತಿ ಬಟ್ಟೆ ಹಾಸಿ ಅದರ ಮೇಲೆ ಹರಡಿ ಫ್ರಿಜ್ಜಿನ ಹಿಂಭಾಗದಲ್ಲಿಡಿ. ಬಾಗಿಲಿನ ತಟ್ಟೆ ಬೇಡ, ಅಲ್ಲಿ ತಣ್ಣಗೆ ಉಳಿಯದು. ಹೀಗಿಟ್ಟರೆ ವಾರದವರೆಗೂ ಚೆನ್ನಾಗಿರುತ್ತದೆ. ಬೇಕಾದಾಗ ಬೇಕಾದಷ್ಟನ್ನೇ ತೆಗೆದು ತೊಳೆಯಿರಿ. ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ದಿನಗಳಲ್ಲಿ ಮೂರ್ನಾಲ್ಕು ದಿನಕ್ಕೇ ಮುಗಿಸುವುದು ಕ್ಷೇಮ.

ತಿನ್ನುವ ಮುಂಚೆ ಹೊರಗಿಟ್ಟು ಚಳಿ ಬಿಡಿಸಿ. ಕೊರೆಯುವ ಹಣ್ಣಿಗೆ ಅರ್ಧ ರುಚಿಯೂ ಇರುವುದಿಲ್ಲ. ಆಮೇಲೆ ಸೀಬೆಕಾಯಿಗೆ ಮಾಡುವ ಹಾಗೆ ಮಾಡಿ: ಎರಡು ಹೋಳು ಮಾಡಿ ಬೀಜ ತೆಗೆದು ಉಪ್ಪು, ಅಚ್ಚಖಾರದ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿ, ಐದು ನಿಮಿಷ ಬಿಡಿ. ತಟ್ಟೆಯ ತಳದಲ್ಲಿ ನಿಲ್ಲುವ ಕೆಂಪು ರಸವನ್ನು ಕೊನೆಗೆ ಯಾರು ಕುಡಿಯಬೇಕೆಂದು ಮಕ್ಕಳಲ್ಲಿ ಜಗಳವಾದರೆ ಹದ ಸರಿಯಾಗಿದೆ ಎಂದರ್ಥ. ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಇಡೀ ಹಣ್ಣನ್ನು ಕೊಡಲೇಬೇಡಿ. ಗಾತ್ರವೂ ನುಣುಪೂ ಗಂಟಲಲ್ಲಿ ಸಿಕ್ಕಿಕೊಳ್ಳಲು ಹೇಳಿ ಮಾಡಿಸಿದಂತಿವೆ.

ಬೀಜದ ವಿಷಯ ಇಲ್ಲೇ ಮುಗಿಸುತ್ತೇನೆ. ಗಟ್ಟಿ ಚಿಪ್ಪಿನೊಳಗಿನ ತಿರುಳಿನಲ್ಲಿ ಅಮಿಗ್ಡಲಿನ್ ಎಂಬ ವಸ್ತುವಿದೆ. ಜಗಿದರೆ, ಜಜ್ಜಿದರೆ ಅದರಿಂದ ಸಯನೈಡ್ ಹುಟ್ಟುತ್ತದೆ. ಅಕಸ್ಮಾತ್ ಒಂದು ಬೀಜ ಇಡಿಯಾಗಿ ನುಂಗಿದರೆ ಗಾಬರಿ ಬೇಡ, ಚಿಪ್ಪು ಒಡೆಯದೆ ಹೊರಗೆ ಹೋಗುತ್ತದೆ. ಆದರೆ ಬೀಜ ಸಮೇತ ಮಿಕ್ಸಿಗೆ ಹಾಕಿ ಜ್ಯೂಸ್ ಮಾಡುವುದು, ಬೀಜ ಕುಟ್ಟಿ ಪುಡಿ ಮಾಡುವುದು ಬೇಡವೇ ಬೇಡ.

ಬಿಡಿಸುವುದು ಹೇಗೆ? ಅದಕ್ಕೆಂದೇ ಒಂದು ಉಪಕರಣ ಮಾರುತ್ತಾರೆ, ವರ್ಷಕ್ಕೆ ಎರಡು ಡಬ್ಬಿ ತರುವ ಮನೆಗೆ ಅದು ದಂಡ. ಕಿರಿದಾದ ಬಾಯಿಯ ಗಾಜಿನ ಬಾಟಲಿ ತೆಗೆದುಕೊಳ್ಳಿ. ಹಣ್ಣಿನ ತೊಟ್ಟು ಕಿತ್ತು, ತೊಟ್ಟಿದ್ದ ಭಾಗ ಮೇಲೆ ಬರುವಂತೆ ಬಾಟಲಿಯ ಬಾಯಿಯ ಮೇಲೆ ಕೂರಿಸಿ. ಮೊಂಡಾದ ಕಡ್ಡಿಯೊಂದನ್ನು ಗುಳಿಯಲ್ಲಿಟ್ಟು ನೇರವಾಗಿ ಒತ್ತಿದರೆ ಬೀಜ ಟಕ್ಕೆಂದು ಬಾಟಲಿಯೊಳಗೆ ಬೀಳುತ್ತದೆ, ಹಣ್ಣು ಬಳೆಯ ಹಾಗೆ ಮೇಲೆ ಉಳಿಯುತ್ತದೆ. ರಸವೂ ಬಾಟಲಿಗೇ ಇಳಿಯುವುದರಿಂದ ಗೋಡೆಗೆ ಸಿಡಿಯುವುದಿಲ್ಲ. ಆದರೂ ಬಿಳಿ ಬಟ್ಟೆ ಹಾಕಿಕೊಂಡು ಈ ಕೆಲಸಕ್ಕೆ ಕೂರಬೇಡಿ. ಕಾಶ್ಮೀರದ ಹಣ್ಣು ಒಂದೊಂದು ಸುಮಾರು 6ರಿಂದ 8 ಗ್ರಾಂ ತೂಗುತ್ತದೆ. ತೊಟ್ಟು, ಬೀಜ ಹೋಗಿ ಕಿಲೋಗೆ 850 ಗ್ರಾಂ ಆಸುಪಾಸು ತಿರುಳು ಕೈಗೆ ಸಿಗುತ್ತದೆ ಎಂದಿಟ್ಟುಕೊಂಡು ಮುಂದಿನ ಅಳತೆಗಳನ್ನು ನೋಡಿ.

ಒಲೆ ಹಚ್ಚುವ ಮೊದಲು ಬಣ್ಣದ ಗುಟ್ಟು ತಿಳಿದಿರಲಿ. ಚೆರ್ರಿಯ ಕೆಂಪು ಆಂಥೋಸಯನಿನ್ ಎಂಬ ಬಣ್ಣದ್ದು. ನೇರಳೆ, ಕಪ್ಪು ದ್ರಾಕ್ಷಿಯಲ್ಲಿರುವುದೂ ಅದೇ ಕುಟುಂಬ. ಹುಳಿ ಸಿಕ್ಕರೆ ಕೆಂಪಗೆ ಹೊಳೆಯುತ್ತದೆ, ಕ್ಷಾರ ಸಿಕ್ಕರೆ ನೇರಳೆಗೆ, ನೀಲಿಗೆ ತಿರುಗುತ್ತದೆ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ಕುದಿಸಿದರೆ ಪಾತ್ರೆಗೆ ಬಿಳಿ ಪಟ್ಟೆ ಕಟ್ಟುತ್ತದಲ್ಲ, ಆ ನೀರಿನಲ್ಲಿ ಚೆರ್ರಿ ಬೇಯಿಸಿದರೆ ಬಣ್ಣ ಮಂಕಾಗಿ ಬೂದಿ ಕಲಸಿದ ಹಾಗಾಗುತ್ತದೆ. ಕುಡಿಯುವ ಫಿಲ್ಟರ್ ನೀರು ಬಳಸಿ, ಇಲ್ಲವೇ ಮೊದಲೇ ಅರ್ಧ ನಿಂಬೆ ಹಿಂಡಿ. ಕೇಕಿಗೆ ಹಾಕಿದಾಗ ಹಣ್ಣಿನ ಸುತ್ತ ಹಸಿರು-ನೀಲಿ ಉಂಗುರ ಕಟ್ಟುವುದಕ್ಕೂ ಅಡುಗೆ ಸೋಡಾವೇ ಕಾರಣ. ಕೆಟ್ಟಿಲ್ಲ, ಹೆದರದೆ ತಿನ್ನಬಹುದು. ಕಬ್ಬಿಣದ ಬಾಣಲೆ, ಅಲ್ಯೂಮಿನಿಯಂ ಪಾತ್ರೆ ಎರಡೂ ಈ ಹಣ್ಣಿಗೆ ಒಗ್ಗವು. ಕಬ್ಬಿಣದಲ್ಲಿ ಬಣ್ಣ ಕಪ್ಪಿಡುತ್ತದೆ, ಅಲ್ಯೂಮಿನಿಯಂ ಹುಳಿಗೆ ಕರಗಿ ರುಚಿ ಕೆಡಿಸುತ್ತದೆ. ಸ್ಟೀಲ್ ಸಾಕು.

ಈಗ ಗೊಜ್ಜು. ಅನಾನಸ್ ಗೊಜ್ಜು ಬಲ್ಲವರಿಗೆ ಅರ್ಧ ಕೆಲಸ ಗೊತ್ತೇ ಇದೆ, ಒಂದೆರಡು ಕಡೆ ಮಾತ್ರ ಕೈ ಬದಲಿಸಬೇಕು. ಬೀಜ ತೆಗೆದ ಚೆರ್ರಿ 300 ಗ್ರಾಂ ಇರಲಿ. ಕಡಲೆಬೇಳೆ, ಉದ್ದಿನಬೇಳೆ ಒಂದೊಂದು ಚಮಚ, ಕಾಲು ಚಮಚ ಮೆಂತ್ಯ, ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಒಣದಾಗಿ ಹುರಿದುಕೊಳ್ಳಿ. ಮೆಂತ್ಯ ಕೆಂಪಾದರೆ ಸಾಕು, ಕಪ್ಪಾದರೆ ಗೊಜ್ಜೆಲ್ಲ ಕಹಿ. ಕೊನೆಯಲ್ಲಿ ಎರಡು ಚಮಚ ಎಳ್ಳು ಹಾಕಿ ಚಟಪಟ ಅನ್ನಿಸಿ, ಆರಿದ ಮೇಲೆ ಎರಡು ದೊಡ್ಡ ಚಮಚ ಒಣಕೊಬ್ಬರಿ ತುರಿಯ ಜೊತೆ ಪುಡಿ ಮಾಡಿ. ಬಾಣಲೆಯಲ್ಲಿ ಕಡಲೆಕಾಯಿ ಎಣ್ಣೆ ಕಾಯಿಸಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು, ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಉಪ್ಪು, ಅರಿಶಿನ ಹಾಕಿ ಹಸಿ ವಾಸನೆ ಹೋಗುವವರೆಗೆ ಕುದಿಸಿ. ಹುಣಸೆಗೆ ನಮ್ಮ ಕಡೆ ಬರವಿಲ್ಲ, ಧಾರಾಳವಾಗಿಯೇ ಹಾಕಿ. ಬೆಲ್ಲ ಮಾತ್ರ ಅನಾನಸ್ಸಿಗೆ ಹಾಕುವುದರ ಅರ್ಧ. ಪುಡಿ ಹಾಕಿ ಗೊಜ್ಜು ಗಟ್ಟಿಯಾಗುತ್ತಾ ಬಂದಾಗ ಚೆರ್ರಿ ಸೇರಿಸಿ ನಾಲ್ಕೈದು ನಿಮಿಷ ಕುದಿಸಿ ಇಳಿಸಿ. ಹಣ್ಣನ್ನು ಮೊದಲೇ ಹಾಕಿದರೆ ಕರಗಿ ಸಿಪ್ಪೆ ಮಾತ್ರ ಉಳಿಯುತ್ತದೆ.

ಮಾಡಿದ ದಿನಕ್ಕಿಂತ ಮಾರನೆಯ ದಿನ ಈ ಗೊಜ್ಜು ರುಚಿ. ಅಷ್ಟರಲ್ಲಿ ಹಣ್ಣು ಹುಳಿ-ಖಾರ ಹೀರಿರುತ್ತದೆ, ಗೊಜ್ಜು ಹಣ್ಣಿನ ಸಿಹಿ ಎಳೆದುಕೊಂಡಿರುತ್ತದೆ. ದೋಸೆ, ಚಪಾತಿ, ಬಿಸಿ ಅನ್ನ-ತುಪ್ಪಕ್ಕೆ ಸೊಗಸು. ಮುದ್ದೆಗೆ ನನ್ನ ಮತವಿಲ್ಲ. ಮುದ್ದೆ ನುಂಗಲು ಬಸ್ಸಾರಿನಂಥ ತೆಳ್ಳಗಿನದು ಬೇಕು, ಸಿಹಿ ಹಣ್ಣಿನ ತುಂಡು ನಡುವೆ ಸಿಕ್ಕಿದರೆ ನುಂಗುವ ಲಯವೇ ತಪ್ಪುತ್ತದೆ.

ಒಲೆ ಹಚ್ಚಲು ಬೇಸರವೆನ್ನುವ ದಿನ ಮೊಸರಿನ ದಾರಿಯಿದೆ. ಮಲೆನಾಡು, ಕರಾವಳಿ ಕಡೆಯವರು ಮಾವಿನಹಣ್ಣಿಗೆ ಮಾಡುವ ಸಾಸಿವೆಯ ಕ್ರಮವೇ. ಅರ್ಧ ಬಟ್ಟಲು ತೆಂಗಿನಕಾಯಿ ತುರಿ, ಒಂದು ಚಮಚ ಸಾಸಿವೆ, ಒಂದು ಹಸಿಮೆಣಸಿನಕಾಯಿ ನುಣ್ಣಗೆ ರುಬ್ಬಿ, ಗಟ್ಟಿ ಮೊಸರು, ಉಪ್ಪಿನ ಜೊತೆ ಕಲಸಿಡಿ. ಹೋಳು ಮಾಡಿದ ಚೆರ್ರಿಯನ್ನು ಬಡಿಸುವ ಹೊತ್ತಿಗೆ ಹಾಕಿ ಒಂದೇ ಸುತ್ತು ತಿರುಗಿಸಿ. ಬಿಳಿಯಲ್ಲಿ ಕೆಂಪು ಗೆರೆ ಹರಿಯುವುದು ಚೆಂದ. ಗಂಟೆ ಮೊದಲೇ ಕಲಸಿಟ್ಟರೆ ಎಲ್ಲವೂ ಮಾಸಿದ ಗುಲಾಬಿ ಬಣ್ಣಕ್ಕೆ ಬಂದು ನೀರು ಬಿಡುತ್ತದೆ. ಸಾಸಿವೆಯ ಘಾಟು ಈ ಹಣ್ಣಿಗೆ ಇಷ್ಟು ಹೊಂದುತ್ತದೆಂದು ತಿನ್ನುವವರೆಗೆ ನಂಬಿಕೆ ಬರುವುದಿಲ್ಲ.

ಹಾಲಿನ ಜೊತೆ ಮಾತ್ರ ಎಚ್ಚರ. ಸಿಹಿ ಚೆರ್ರಿಯಲ್ಲೂ ಹಾಲೊಡೆಯುವಷ್ಟು ಹುಳಿ ಅಡಗಿದೆ. ಕುದಿಯುವ ಪಾಯಸಕ್ಕೆ ಹಣ್ಣು ಹಾಕಿದರೆ ತರಿತರಿಯಾಗುತ್ತದೆ. ಪಾಯಸ ಪೂರ್ತಿ ಆರಿದ ಮೇಲೆ, ಬೇರೆಯಾಗಿ ಎರಡು ಚಮಚ ಸಕ್ಕರೆಯಲ್ಲಿ ಬಾಡಿಸಿ ತಣ್ಣಗಾಗಿಸಿದ ಚೆರ್ರಿಯನ್ನು ಮೇಲೆ ಹಾಕಿಕೊಳ್ಳಿ. ಕೇಸರಿಬಾತಿಗೆ ಈ ತಾಪತ್ರಯವಿಲ್ಲ. ರವೆ ಹುರಿದು ತೆಗೆದ ತುಪ್ಪದಲ್ಲೇ ಹೋಳುಗಳನ್ನು ಎರಡು ನಿಮಿಷ ಬಾಡಿಸಿ, ಅದಕ್ಕೇ ನೀರು, ನಿಂಬೆರಸ ಒಂದು ಚಮಚ ಹಾಕಿ ಕುದಿ ಬರಿಸಿದರೆ ಕೇಸರಿ ಬಣ್ಣದ ಡಬ್ಬಿ ಮುಟ್ಟದೆ ಬಾತು ಗುಲಾಬಿಯಾಗುತ್ತದೆ. ಏಲಕ್ಕಿ ಹಾಕಿ, ಪಚ್ಚಕರ್ಪೂರ ಬೇಡ, ಅದು ಹಣ್ಣಿನ ಪರಿಮಳವನ್ನು ತಿಂದುಹಾಕುತ್ತದೆ. ರಾಗಿ ಹುರಿಹಿಟ್ಟನ್ನು ಬೆಲ್ಲ, ತಣ್ಣನೆ ಹಾಲಿನಲ್ಲಿ ಕಲಸಿ ಮೇಲೆ ನಾಲ್ಕು ಚೆರ್ರಿ ಕತ್ತರಿಸಿ ಹಾಕಿದರೆ ಬೆಳಗಿನ ಹೊಟ್ಟೆಗೆ ಸಾಕು.

ಜಾಮ್ ಮಾಡಹೊರಟವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಎಷ್ಟು ಕಾಯಿಸಿದರೂ ಗಟ್ಟಿಯಾಗದೆ ಪಾಕವಾಗಿ ಉಳಿಯುತ್ತದೆ, ಇನ್ನೂ ಕಾಯಿಸಿದರೆ ಚಿಕ್ಕಿಯಾಗುತ್ತದೆ. ಜಾಮ್ ಹೆಪ್ಪುಗಟ್ಟಲು ಪೆಕ್ಟಿನ್, ಹುಳಿ, ಸಕ್ಕರೆ ಮೂರೂ ಸೇರಬೇಕು. ಚೆರ್ರಿಯಲ್ಲಿ ಸಕ್ಕರೆಯಿದೆ, ಉಳಿದೆರಡೂ ಕಡಿಮೆ. ಹುಳಿಗೆ ನಿಂಬೆ. ಪೆಕ್ಟಿನ್‌ಗೆ ಅರೆಹಣ್ಣಾದ ಸೀಬೆಕಾಯಿಯಷ್ಟು ಅಗ್ಗದ ಉಪಾಯ ಬೇರೆ ಇಲ್ಲ. ಒಂದು ಸೀಬೆಯನ್ನು ಹೋಳು ಮಾಡಿ ಮುಳುಗುವಷ್ಟು ನೀರಿನಲ್ಲಿ ಮೆತ್ತಗೆ ಬೇಯಿಸಿ, ಹಿಂಡದೆ ಬಟ್ಟೆಯಲ್ಲಿ ಸೋಸಿದ ಅಂಟು ನೀರು ಅರ್ಧ ಲೋಟ ತೆಗೆದಿಡಿ. ಬೀಜ ತೆಗೆದ ಅರ್ಧ ಕಿಲೋ ಚೆರ್ರಿಗೆ 350 ಗ್ರಾಂ ಸಕ್ಕರೆ, ಎರಡು ನಿಂಬೆಹಣ್ಣಿನ ರಸ ಬೆರೆಸಿ ಒಂದೆರಡು ಗಂಟೆ ಬಿಟ್ಟರೆ ಹಣ್ಣು ತನ್ನ ರಸವನ್ನು ತಾನೇ ಬಿಡುತ್ತದೆ. ಸೀಬೆಯ ನೀರು ಸೇರಿಸಿ ಅಗಲ ಬಾಯಿಯ ಪಾತ್ರೆಯಲ್ಲಿ ಜೋರು ಉರಿಯಲ್ಲಿ ಕುದಿಸಿ, ಬಿಳಿ ನೊರೆ ತೆಗೆಯುತ್ತಿರಿ.

ಹದ ನೋಡಲು ಫ್ರಿಜ್ಜಿನಲ್ಲಿ ಒಂದು ಸ್ಟೀಲ್ ತಟ್ಟೆ ಮೊದಲೇ ಇಟ್ಟಿರಬೇಕು. ತಣ್ಣನೆ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಅರೆ ನಿಮಿಷದ ನಂತರ ಬೆರಳಿನಿಂದ ನೂಕಿ. ಮೇಲ್ಮೈ ಸುಕ್ಕುಗಟ್ಟಿದರೆ ಇಳಿಸಿ. ಹರಿದು ಕೂಡಿಕೊಂಡರೆ ಇನ್ನೂ ಎರಡು ನಿಮಿಷ. ಒಬ್ಬಟ್ಟಿನ ಹೂರಣಕ್ಕೆ ಪಾಕ ನೋಡಿ ಅಭ್ಯಾಸವಿರುವವರು ಚಮಚದ ಅಂಚಿನಿಂದ ಹನಿಗಳು ಕೂಡಿಕೊಂಡು ಹಾಳೆಯಾಗಿ ಜಾರುವುದನ್ನು ನೋಡಿಯೇ ಹೇಳಿಬಿಡುತ್ತಾರೆ. ಅಂಗಡಿ ಜಾಮಿಗಿಂತ ಸಕ್ಕರೆ ಕಡಿಮೆಯಿರುವುದರಿಂದ ಇದನ್ನು ಹೊರಗಿಡಬೇಡಿ. ಕುದಿಸಿ ಒಣಗಿಸಿದ ಗಾಜಿನ ಸೀಸೆಗೆ ತುಂಬಿ ಫ್ರಿಜ್ಜಿನಲ್ಲಿಟ್ಟು ತಿಂಗಳೊಳಗೆ ಖಾಲಿ ಮಾಡಿ.

ಬೇರೆ ದೇಶಗಳವರು ಚೆರ್ರಿಯನ್ನು ಊಟಕ್ಕೇ ಬಳಸುತ್ತಾರೆಂದರೆ ನಮ್ಮವರಿಗೆ ಆಶ್ಚರ್ಯ. ಇರಾನಿನಲ್ಲಿ ಆಲ್ಬಾಲು ಪೋಲೊ ಎಂಬ ಅನ್ನವಿದೆ, ಹುಳಿ ಚೆರ್ರಿಯನ್ನು ಅಕ್ಕಿಯ ಜೊತೆ ಪದರ ಪದರವಾಗಿ ಹಬೆಯಲ್ಲಿ ಬೇಯಿಸುವುದು, ಕೋಳಿಯೋ ಮಾಂಸದುಂಡೆಯೋ ಜೊತೆಗೆ. ಹಂಗೇರಿಯವರು ಬೇಸಿಗೆಯಲ್ಲಿ ಹುಳಿ ಚೆರ್ರಿಯ ತಣ್ಣನೆ ಸೂಪ್ ಮಾಡಿ ಊಟದ ಆರಂಭದಲ್ಲೇ ಕುಡಿಯುತ್ತಾರೆ. ಗಮನಿಸಿ, ಎರಡರಲ್ಲೂ ಇರುವುದು ಹುಳಿ ಚೆರ್ರಿ, ಬೇರೆಯೇ ಜಾತಿಯ ಮರದ್ದು. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಕೇಕಿಗೂ ಸಲ್ಲಬೇಕಾದದ್ದು ಅದೇ. ಇಂಟರ್‌ನೆಟ್ಟಿನಲ್ಲಿ ಸಿಗುವ ಚೆರ್ರಿ ಅಡುಗೆಗಳನ್ನು ನಮ್ಮ ಅಂಗಡಿಯ ಹಣ್ಣಿನಿಂದ ಮಾಡಿದರೆ ಸಪ್ಪೆಯಾಗುವುದು ಈ ಕಾರಣಕ್ಕೆ. ಅಂಥ ಕಡೆ ಸಕ್ಕರೆ ಮೂರನೇ ಒಂದು ಭಾಗ ಇಳಿಸಿ, ನಿಂಬೆ ಏರಿಸಿ. ಇರಾನಿನ ಅನ್ನವನ್ನೇ ನಮ್ಮ ದಾರಿಗೆ ತರಬೇಕೆಂದರೆ ನಿಂಬೆಹಣ್ಣಿನ ಚಿತ್ರಾನ್ನ ಕಲಸಿ ಕೊನೆಯಲ್ಲಿ ಒಂದು ಹಿಡಿ ಹೋಳು ಬೆರೆಸಿ. ಕಡಲೆಕಾಯಿ ಬೀಜದ ಕುರುಕು, ಹಸಿಮೆಣಸಿನ ಖಾರದ ನಡುವೆ ಹಣ್ಣು ಸಿಕ್ಕಾಗ ಹಿತವಾಗಿರುತ್ತದೆ.

ಕಿಲೋಗಟ್ಟಲೆ ತಂದು ಇಡುವುದಾದರೆ ಫ್ರೀಜರ್ ಒಂದೇ ದಾರಿ. ತೊಳೆದು, ಪೂರ್ತಿ ಒರೆಸಿ, ಬೀಜ ತೆಗೆದು, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಗಟ್ಟಿಯಾದ ಮೇಲೆ ಕವರಿಗೆ ತುಂಬಿ ಗಾಳಿ ಹಿಂಡಿ ಕಟ್ಟಿ. ನೇರವಾಗಿ ಕವರಿಗೆ ಸುರಿದರೆ ಇಟ್ಟಿಗೆಯಾಗಿ ಬೇಕಾದಷ್ಟು ತೆಗೆಯಲಾಗದು. ಕರಗಿದ ಹಣ್ಣು ಮೆತ್ತಗಿರುವುದರಿಂದ ಗೊಜ್ಜು, ಶರಬತ್ತಿಗೆ ಮಾತ್ರ ಸರಿ. ಮಾಳಿಗೆಯ ಮೇಲೆ ಒಣಹಾಕುವ ಯೋಚನೆ ಬಿಡಿ. ಸಂಡಿಗೆಗೆ ಸಿಗುವ ಏಪ್ರಿಲ್ ಬಿಸಿಲು ಚೆರ್ರಿ ಬರುವ ಜೂನ್‌ನಲ್ಲಿರುವುದಿಲ್ಲ. ಮೋಡ, ಗಾಳಿ, ನೊಣ ಮೂರೂ ಸೇರಿ ದುಬಾರಿ ಹಣ್ಣನ್ನು ಹುಳಿ ಹಿಡಿಸುತ್ತವೆ.

ಒಂದೇ ಸಲ ಬಟ್ಟಲುಗಟ್ಟಲೆ ತಿಂದವರಿಗೆ ಹೊಟ್ಟೆ ಉಬ್ಬರ, ಭೇದಿಯಾಗುವುದು ಸಾಮಾನ್ಯ. ಇದರಲ್ಲಿ ಸಾರ್ಬಿಟಾಲ್ ಎಂಬ ಸಿಹಿ ಪದಾರ್ಥವಿದೆ, ಕರುಳು ಅದನ್ನು ಪೂರ್ತಿ ಹೀರಿಕೊಳ್ಳದು. ನೂರು ಗ್ರಾಂ ಹಣ್ಣಿನಲ್ಲಿ ಸುಮಾರು 63 ಕ್ಯಾಲೊರಿ, 13 ಗ್ರಾಂನಷ್ಟು ಸಕ್ಕರೆ. ಸಕ್ಕರೆ ಕಾಯಿಲೆಯಿರುವವರು ಹತ್ತು ಹಣ್ಣಿಗೆ ನಿಲ್ಲಿಸಿದರೆ ಒಳ್ಳೆಯದು.

ಬೇಕರಿಯ ಕೇಕಿನ ನೆತ್ತಿಯ ಮೇಲೆ ಕೂತಿರುವುದನ್ನು ತಿಂದು ‘ಚೆರ್ರಿ ಗೊತ್ತು’ ಎನ್ನುವವರಿಗೆ ಒಂದು ಮಾತು. ನಮ್ಮ ದೇಶದಲ್ಲಿ ಅದು ಬಹುಪಾಲು ಕವಳಿಕಾಯಿ. ಕರಾವಳಿಯವರು ಕರಂಡೆ ಎನ್ನುತ್ತಾರೆ, ಉಪ್ಪಿನಕಾಯಿ ಹಾಕುತ್ತಾರೆ. ಮುಳ್ಳು ಪೊದೆಯ ಆ ಹುಳಿಕಾಯಿಯ ಬೀಜ ತೆಗೆದು, ಉಪ್ಪುನೀರಿನಲ್ಲಿ ನೆನೆಸಿ ಬಣ್ಣ ಬಿಳುಚಿಸಿ, ಕೆಂಪು ಬಣ್ಣ ಹಾಕಿ, ದಿನದಿಂದ ದಿನಕ್ಕೆ ಪಾಕ ಗಟ್ಟಿ ಮಾಡುತ್ತಾ ಅದರಲ್ಲೇ ಮುಳುಗಿಸಿಟ್ಟಿರುತ್ತಾರೆ. ತಿನ್ನಲು ಅಡ್ಡಿಯಿಲ್ಲ, ಆದರೆ ತಾಜಾ ಚೆರ್ರಿ ಬೇಕೆನ್ನುವ ಅಡುಗೆಗೆ ಅದನ್ನು ಹಾಕಿದರೆ ಸಕ್ಕರೆಯಷ್ಟೇ ಉಳಿಯುತ್ತದೆ. ಶಾಲೆಯ ಅಂಗಳಗಳಲ್ಲಿ ಮಕ್ಕಳು ಹತ್ತಿ ಕೀಳುವ ಗಸಗಸೆ ಹಣ್ಣನ್ನೂ ಸಿಂಗಪುರ ಚೆರ್ರಿ ಎನ್ನುವುದುಂಟು. ಮರದ ಕೆಳಗೆ ನಿಂತು ತಿನ್ನಲು ಅದರಷ್ಟು ಒಳ್ಳೆಯದಿಲ್ಲ, ಒಲೆಗೆ ಬಾರದು.

ಚೆರ್ರಿಯ ಸುಗ್ಗಿ ಮುಗಿದ ಮೇಲೆ ಇದೇ ಗೊಜ್ಜು, ಇದೇ ಜಾಮ್ ಮಾಡಲು ಮನೆ ಬಾಗಿಲಲ್ಲೇ ಹಣ್ಣಿದೆ: ಚಿಕ್ಕಬಳ್ಳಾಪುರ ಸೀಮೆಯ ಬೆಂಗಳೂರು ಬ್ಲೂ ದ್ರಾಕ್ಷಿ. ವರ್ಷಕ್ಕೆ ಎರಡು ಬೆಳೆ ಬರುತ್ತದೆ. ಹುಳಿಯೂ ಬಣ್ಣವೂ ಚೆರ್ರಿಗಿಂತ ಮುಂದು, ಬೆಲೆಯಲ್ಲಿ ಎಷ್ಟೋ ಅಗ್ಗ. ಈ ತಳಿಯ ಸಿಪ್ಪೆ ಹಿಚುಕಿದರೆ ತಿರುಳು ಗೋಲಿಯ ಹಾಗೆ ಜಾರಿ ಹೊರಬರುತ್ತದೆ. ಸಿಪ್ಪೆಗಳನ್ನು ಬೇರೆ ಇಡಿ. ತಿರುಳನ್ನು ಮಾತ್ರ ಐದು ನಿಮಿಷ ಬೇಯಿಸಿ ಜಾಲರಿಯಲ್ಲಿ ತಿಕ್ಕಿದರೆ ಬೀಜ ಮೇಲುಳಿಯುತ್ತದೆ. ಇಳಿದ ರಸಕ್ಕೆ ಸಿಪ್ಪೆ ಸೇರಿಸಿ ಮೇಲಿನ ಅಳತೆಯಲ್ಲೇ ಮುಂದುವರಿಸಿ. ಗೊಜ್ಜಿಗೆ ಹುಣಸೆ ಅರ್ಧಕ್ಕೆ ಇಳಿಸಿ ಬೆಲ್ಲ ಒಂದು ಉಂಡೆ ಹೆಚ್ಚು ಹಾಕಿ. ಜಾಮಿಗೆ ಸೀಬೆಯ ನೀರೂ ಬೇಕಾಗುವುದಿಲ್ಲ, ನಿಂಬೆ ಒಂದೇ ಸಾಕು.